ಅಮಾವಾಸ್ಯೆಗೊಂದು ಗುಟ್ಟಿನ ಮಾತು

ನಮ್ಮ ಮಿಲ್ಲಿನ ಶೇಂಗಾ ದರ ಫೋನಿನಿಂದ ಕಳುವಾಗುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು.

ಎಲ್ಲರೂ ಎಂದರೆ ಗದಗಿಗೆ ಅಂಟಿಕೊಂಡ ಬೆಟಗೇರಿಯ ಎಣ್ಣೆ ಮಿಲ್ಲಿನ ನಮ್ಮ ಸಾಹುಕಾರರು, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ಖರೀದಿ ಅಂಗಡಿಗಳಲ್ಲಿದ್ದ ಮೂವರು ಗುಮಾಸ್ತರು, ಅಂಗಡಿ ಪೂಜೆಗೆ ಬರುತ್ತಿದ್ದ ಭಟ್ಟರು, ಹಮಾಲರು, ಚಹಾದವನು. ನಾನು ಧಾರವಾಡದಲ್ಲಿ ತತ್ವಶಾಸ್ತ್ರ ಎಂ.ಎ. ಮಾಡಿ ಬಂದು ಮಿಲ್ಲಿನ ಟಪಾಲು ನೋಡುವ ಕೆಲಸಕ್ಕೆ ಸೇರಿದ್ದೆ. ಗದಗಿನಲ್ಲಿ ತತ್ವಶಾಸ್ತ್ರಕ್ಕೆ ಬೇರೆ ಗಿರಾಕಿ ಇರಲಿಲ್ಲ.

ಮೊನ್ನೆ ನನ್ನ ಈಮೇಲಿನ ಪಾಸ್‌ವರ್ಡ್ ಬದಲಿಸಲು ಹೋದೆ. ಕಂಪ್ಯೂಟರು ಹಳೆಯದನ್ನು ಒಪ್ಪಲಿಲ್ಲ, ಹೊಸದನ್ನೂ ಒಪ್ಪಲಿಲ್ಲ. ಬದಲಿಸಬೇಕೆಂದರೆ ಮೊದಲು ಒಳಗೆ ಬಾ ಎಂದಿತು. ಒಳಗೆ ಬರಬೇಕೆಂದರೆ ಬದಲಿಸು ಎಂದಿತು. ರಿಪೇರಿಗೆ ಬಂದ ಹುಡುಗಿ "ಹಿಂಗ ಆಗಬಾರದಿತ್ತಲ್ರಿ ಅಂಕಲ್" ಎಂದು ಬೆರಗಾದಳು. ನನಗೆ ಬೆರಗಾಗಲಿಲ್ಲ. ಮನುಷ್ಯರು ಗುಟ್ಟಿನ ಮಾತು ಇಟ್ಟುಕೊಂಡಲ್ಲೆಲ್ಲ ಇಂಥದು ಆಗುತ್ತಲೇ ಇರುತ್ತದೆ. ಎಪ್ಪತ್ತರ ದಶಕದಲ್ಲೇ ನಾನು ಇದನ್ನೆಲ್ಲ ಕಂಪ್ಯೂಟರ್ ಇಲ್ಲದೆ ನೋಡಿ ಮುಗಿಸಿದ್ದೇನೆ.

ವ್ಯವಹಾರ ಸರಳವಾಗಿತ್ತು. ಸಾಹುಕಾರರು ದಿನಾ ಬೆಳಿಗ್ಗೆ ಮೂರೂ ಊರಿಗೆ ಟ್ರಂಕ್ ಕಾಲ್ ಹಚ್ಚಿ ಅಂದಿನ ಖರೀದಿ ದರ ಹೇಳುವರು. ಗುಮಾಸ್ತರು ಆ ದರಕ್ಕೆ ರೈತರಿಂದ ಶೇಂಗಾ ಕೊಳ್ಳುವರು. ಮುಂಡರಗಿಯಲ್ಲಿ ಮಾತ್ರ ನಮ್ಮ ಅಂಗಡಿಯ ಎದುರಿಗೇ ಇನ್ನೊಬ್ಬರ ಅಂಗಡಿ ಇತ್ತು. ನಾವು ಎಷ್ಟು ದರ ಹಾಕಿದರೂ ಅವರು ಅದರ ಮೇಲೆ ಚೂರು ಕೂಡಿಸಿ ಕೊಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಚಕ್ಕಡಿಗಳೆಲ್ಲ ಅತ್ತ ಹೊರಳಿರುತ್ತಿದ್ದವು.

"ನನ್ನ ದನಿ ತಗದು ಯಾವನೋ ಫೋನ್ ಮಾಡಿ ದರ ಕೇಳಾಕತ್ತಾನ," ಎಂದರು ಸಾಹುಕಾರರು. "ಇಲ್ಲಾ, ಮುಂಡರಗಿ ಗುಮಾಸ್ತನ ಹೇಳಾಕತ್ತಾನ. ಎರಡರಾಗ ಒಂದು. ಇದು ನಿಲ್ಲಲಿಲ್ಲಂದ್ರ ಅವನ ಕೀಲಿಕೈ ಇಸಕೊಳ್ಳೂದ."

ಕೀಲಿಕೈ ಎಂದರೆ ಬರೀ ಅಂಗಡಿಯದಲ್ಲ. ಮುಂಡರಗಿ ಗುಮಾಸ್ತ ಸಿಂಗಟಾಲೂರಿನವನು. ಅಂಗಡಿಯ ಹಿಂದಿನ ಎರಡು ಖೋಲಿಗಳಲ್ಲಿ ಅವನ ಸಂಸಾರ ಇತ್ತು, ಮಿಲ್ಲಿನದೇ ಮನೆ. ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ. ಕೆಲಸ ಹೋದರೆ ಮನೆ ಹೋಗುತ್ತಿತ್ತು, ಮನೆ ಹೋದರೆ ಆ ಹುಡುಗಿ ನಡುವರ್ಷದಲ್ಲಿ ಊರಿಗೆ ವಾಪಸು. ಅಲ್ಲಿಗೆ ಅವಳ ಓದು ಮುಗಿದಂತೆ. ಇದು ಅವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಸಾಹುಕಾರರಿಗೂ ಗೊತ್ತಿತ್ತು, ಅವರು ಕೆಟ್ಟವರಲ್ಲ, ಕಳ್ಳನನ್ನು ಹಿಡಿಯುವ ಹುರುಪಿನಲ್ಲಿದ್ದರು, ಅಷ್ಟೇ.

೧. ಯಾರು ಮೊದಲು?

ನಮ್ಮ ಕಡೆ ಅಂಗಡಿಗಳಲ್ಲಿ ಅಮಾವಾಸ್ಯೆ ಪೂಜೆ ತಪ್ಪುವುದಿಲ್ಲ. ಒಂದು ಅಮಾವಾಸ್ಯೆ ಪೂಜೆ ಮುಗಿದ ಮೇಲೆ ಸಾಹುಕಾರರು ಭಟ್ಟರನ್ನು ಗದ್ದುಗೆಯ ಪಕ್ಕ ಕೂಡ್ರಿಸಿಕೊಂಡು ಒಂದು ಶುಭವಾದ ಮಾತು ಆರಿಸಿಕೊಡಲು ಕೇಳಿದರು. ಇನ್ನು ಮುಂದೆ ಫೋನು ಎತ್ತಿದ ಗುಮಾಸ್ತ ಮೊದಲು ಆ ಮಾತು ಹೇಳಬೇಕು, ಆಮೇಲೆ ಸಾಹುಕಾರರು ಅದನ್ನೇ ತಿರುಗಿ ಹೇಳಬೇಕು, ಆಮೇಲೆ ದರ. ಮಾತು ಪ್ರತಿ ಅಮಾವಾಸ್ಯೆಗೆ ಬದಲು. ಅದನ್ನು ಫೋನಿನಲ್ಲಿ ತಿಳಿಸುವಂತಿಲ್ಲ, ಕಾಗದದಲ್ಲಿ ಬರೆಯುವಂತಿಲ್ಲ. ಒಬ್ಬ ನಂಬಿಕೆಯ ಮನುಷ್ಯ ಬಸ್ಸಿನಲ್ಲಿ ಹೋಗಿ ಕಿವಿಯಲ್ಲಿ ಹೇಳಿ ಬರಬೇಕು.

"ಎಂ.ಎ. ಮಾಡೀಯಲ್ಲ," ಎಂದರು ನನಗೆ. "ಒಂದ್ ಮಾತು ನೆನಪಿಡಾಕ ಆಗೂದಿಲ್ಲೇನು?"

ಮೊದಲನೆಯ ಮಾತು 'ಬಾಳೆ ಕಂಬ'. ಅದು ಸುಸೂತ್ರವಾಗಿ ಮೂರೂ ಊರು ಮುಟ್ಟಿತು. ಮುಂದಿನ ಅಮಾವಾಸ್ಯೆಗೆ 'ಅರಿಷಿಣ ಕೊಂಬು' ಬಂತು. ನಾನು ಶಿರಹಟ್ಟಿ, ಲಕ್ಷ್ಮೇಶ್ವರ ಮುಗಿಸಿ ಬೆಟಗೇರಿಗೆ ಬರುವಷ್ಟರಲ್ಲಿ ಮುಂಡರಗಿಯ ಬಸ್ಸು ಹೋಗಿತ್ತು. ನಾಳೆ ಹೋದರಾಯಿತು ಎಂದುಕೊಂಡೆ. ಮಾತು ಮಾತ್ರ ಪೂಜೆಯಾದ ಗಳಿಗೆಯಿಂದಲೇ ಜಾರಿಯಾಗಿತ್ತು.

ಮರುದಿನ ಬೆಳಿಗ್ಗೆ ಸಾಹುಕಾರರು ಮುಂಡರಗಿಗೆ ಫೋನು ಹಚ್ಚಿದರು. ನಾನು ಪಕ್ಕದಲ್ಲಿ ಕೂತಿದ್ದೆ. ಆಗಿನ ಫೋನಿನಲ್ಲಿ ಆಚೆಯವರ ಮಾತು ಪಕ್ಕದಲ್ಲಿ ಕೂತವರಿಗೂ ಕೇಳುತ್ತಿತ್ತು.

"ಮಾತು ಹೇಳು," ಎಂದರು ಸಾಹುಕಾರರು.

"ಬಾಳೆ ಕಂಬರಿ."

"ಅದು ಹಳೇದು. ನಿನ್ನಿಗೇ ಮುಗೀತು. ಹೊಸಾದು ಹೇಳು."

"ಹೊಸಾದು ನನಗ ಯಾರೂ ಹೇಳಿಲ್ರಿ. ನೀವ ಹೇಳ್ರಿ, ನಾ ತಿರುಗಿ ಹೇಳ್ತೀನಿ."

"ನೀ ಹೊಸಾದು ಹೇಳಿದ ಮ್ಯಾಲೆ ನಾ ಹೊಸಾದು ಹೇಳ್ತೀನಿ."

"ಅದು ಗೊತ್ತಿದ್ರ ನಿಮ್ಮನ್ನ ಯಾಕ ಕೇಳ್ತಿದ್ನಿರಿ?"

"ಗೊತ್ತಿಲ್ಲಂದ್ರ ನೀ ನಮ್ಮವ ಅಲ್ಲ."

"ಸಾಹುಕಾರ್ರ, ಇಷ್ಟ್ ವರ್ಷದಿಂದ ನಿಮ್ಮ ಕಡೆ ಅದೀನಿ. ನನ್ನ ದನಿ ಗುರ್ತ ಹತ್ತವಲ್ದೇನ್ರಿ?"

"ದನಿ ಯಾರ್ ಬೇಕಾದ್ರೂ ತಗೀತಾರ."

ಗುಮಾಸ್ತನ ದನಿ ಗಟ್ಟಿಯಾಯಿತು. "ಹಂಗಾರ ನೀವು ಸಾಹುಕಾರ್ರು ಅಂತ ನನಗ ಹೆಂಗ ಗೊತ್ತಾಗಬೇಕು? ನಾ ಬಾಳೆ ಕಂಬ ಅಂದೆ, ನೀ ಬಾಳೆ ಕಂಬ ಅನ್ನಲಿಲ್ಲ. ಯಾರಲೇ ನೀ?"

ಫೋನು ಕಟ್ಟಾಯಿತು.

ಸಾಹುಕಾರರಿಗೆ ಜೀವಮಾನದಲ್ಲಿ ಯಾರೂ 'ಲೇ' ಅಂದಿರಲಿಲ್ಲ. ರಿಸೀವರನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡಿದರು.

"ಹುಷಾರ್ ಅದಾನ," ಎಂದರು. ರಿಸೀವರ್ ಕೆಳಗಿಟ್ಟು, "ಗುಮಾಸ್ತಗ ಇಷ್ಟ್ ಹುಷಾರಿ ಒಳ್ಳೇದಲ್ಲ," ಎಂದರು.

೨. ನೀರು ಕಾಯುವ ತನಕ

ಮೂರನೆಯ ಸಲ ಭಟ್ಟರು ದೇವರ ಹೆಸರನ್ನೇ ಕೊಟ್ಟರು: 'ವೆಂಕಟರಮಣ'.

"ಇದಕ್ಕಿಂತ ಗಟ್ಟಿ ಯಾವುದೂ ಇಲ್ರಿ," ಎಂದರು ಭಟ್ಟರು. "ಕಳ್ಳನ ಬಾಯಾಗ ಇದು ಬರೂದ ಇಲ್ಲ."

ಕಳ್ಳನ ಬಾಯಲ್ಲಿ ಬಂತೋ ಇಲ್ಲವೋ ತಿಳಿಯದು. ಲಕ್ಷ್ಮೇಶ್ವರದ ಗುಮಾಸ್ತನ ಬಾಯಲ್ಲಂತೂ ಬರಲಿಲ್ಲ. ಆತ ಭಾರಿ ಆಚಾರದ ಮನುಷ್ಯ. ಅವರ ಮನೆತನ ತಲೆಮಾರುಗಳಿಂದ ಗುಡಿಯ ಸೇವೆ ಮಾಡಿಕೊಂಡು ಬಂದದ್ದು. ಈತನೊಬ್ಬ ಶೇಂಗಾ ತೂಗಲು ಬಂದಿದ್ದ. ಸಾಹುಕಾರರ ಫೋನು ಅಂದು ಎಂದಿಗಿಂತ ಬೇಗ ಹೋಯಿತು.

"ಮಾತು ಹೇಳು."

"ಹೇಳಾಕ ಬರೂದಿಲ್ರಿ."

"ಗೊತ್ತಿಲ್ಲೇನು?"

"ಗೊತ್ತದ ರೀ. ಸ್ನಾನ ಆಗಿಲ್ಲ."

ಬೇರೆ ಯಾವ ಊರಿನ ಯಜಮಾನನಾದರೂ ಇಲ್ಲಿ ಸಿಟ್ಟಾಗುತ್ತಿದ್ದ. ನಮ್ಮ ಸಾಹುಕಾರರು ಗಂಭೀರವಾಗಿ ತಲೆಯಾಡಿಸಿದರು. "ಖರೆ ಐತಿ," ಎಂದರು. "ಬಾಯಿ ತೊಳಿಯದ ದೇವರ ಹೆಸರು ಹೆಂಗ ಹೇಳ್ತಿ? ಜಲ್ದಿ ಸ್ನಾನಾ ಮಾಡಿ ಬಾ. ನಾ ಲೈನ್ ಹಿಡಕೊಂಡಿರ್ತೀನಿ."

"ಬಾಯಿ ತೊಳದೀನ್ರಿ. ಸ್ನಾನ ಆಗಿಲ್ಲ."

"ಅದನ್ನ ಹೇಳಿದ್ನಿ. ಹೋಗು."

ಸಾಹುಕಾರರು ರಿಸೀವರ್ ಕಿವಿಗಿಟ್ಟುಕೊಂಡು ಗೋಡೆಗೆ ಒರಗಿದರು. ಲಕ್ಷ್ಮೇಶ್ವರದ ಅಂಗಡಿಯಲ್ಲಿ ಬೀದಿ ನಾಯಿ ಬೊಗಳುವುದು, ಯಾರೋ ತಕ್ಕಡಿ ಎಳೆಯುವುದು ಎಲ್ಲ ನಮಗೆ ಬೆಟಗೇರಿಯಲ್ಲಿ ಕೇಳುತ್ತಿತ್ತು. ಟ್ರಂಕ್ ಕಾಲಿಗೆ ಮೂರು ನಿಮಿಷದ ಲೆಕ್ಕ. ಎಕ್ಸ್‌ಚೇಂಜಿನ ಆಪರೇಟರ್ ಹೆಣ್ಣುಮಗಳು, ನಮ್ಮ ಕಡೆಯ ಮಾತಿನಲ್ಲಿ ಆಪರೇಟರ್ ಬಾಯಿ, ನಡುವೆ ಬಂದಳು.

"ಮೂರು ನಿಮಿಷ ಆತ್ರಿ. ಮುಂದುವರಸ್ತೀರೇನ್ರಿ?"

"ಮುಂದುವರಸ್ರಿ. ಸ್ನಾನಕ್ಕ ಹೋಗ್ಯಾನ."

ಮತ್ತೆ ಮೂರು ನಿಮಿಷಕ್ಕೆ ಬಂದಳು.

"ಮುಂದುವರಸಬೇಕೇನ್ರಿ?"

ಅಷ್ಟರಲ್ಲಿ ಆ ಕಡೆಯಿಂದ ಒಬ್ಬ ಹಮಾಲ ಫೋನು ಎತ್ತಿ ಒದರಿದ: "ಇನ್ನಾ ನೀರು ಕಾದಿಲ್ಲಂತ್ರಿ!"

ಸಾಹುಕಾರರು ಆಪರೇಟರಿಗೆ ಶಾಂತವಾಗಿ ಹೇಳಿದರು: "ಕೇಳಿದಿರಲ್ರಿ, ಇನ್ನ ಕಾದಿಲ್ಲ."

"ತಣ್ಣೀರ ಹಾಕ್ಕೊಳಾಕ ಹೇಳ್ರಿ," ಎಂದಳು ಆಕೆ. "ಹಾವೇರಿ ಲೈನ್ ಕಾಯಾಕತ್ತೈತಿ."

೩. ಹಳೆಯ ನಾಲಿಗೆ

ಶಿರಹಟ್ಟಿಯ ಗುಮಾಸ್ತನಿಗೆ ಆಚಾರದ ತೊಂದರೆ ಇರಲಿಲ್ಲ. ಆತ ಅಡರಕಟ್ಟಿಯ ಒಕ್ಕಲುತನದವನು. ಯಾವ ಹೊತ್ತಿನಲ್ಲಿ ಯಾವ ಮಾತು ಕೊಟ್ಟರೂ ಹೇಳುತ್ತಿದ್ದ. ಅವನ ಕಷ್ಟ ಒಂದೇ. ಹೊಸ ಮಾತು ತಲೆಗೆ ಹೋಗುತ್ತಿತ್ತು, ನಾಲಿಗೆಗೆ ಹೋಗುತ್ತಿರಲಿಲ್ಲ. ಫೋನು ಎತ್ತಿದ ಕೂಡಲೇ ನಾಲಿಗೆ ತಾನೇ ಹಳೆಯದನ್ನು ಹೇಳಿಬಿಡುತ್ತಿತ್ತು.

ಆ ಹೊತ್ತಿಗೆ ಸಾಹುಕಾರರು ಒಂದು ಹೊಸ ಕಾನೂನು ಮಾಡಿದ್ದರು. ಮೂರು ಸಲ ತಪ್ಪು ಹೇಳಿದರೆ ಆ ದಿನ ಆ ಊರಿನ ಖರೀದಿ ಬಂದ್. ಕಳ್ಳ ಊಹೆ ಮಾಡಿಯಾನು ಎಂದು.

ಅಮಾವಾಸ್ಯೆಯ ಮರುದಿನ ಶಿರಹಟ್ಟಿಗೆ ಲೈನು ಸಿಕ್ಕಿತು. ಆ ತಿಂಗಳ ಮಾತು 'ಬೆಳ್ಳಿ ಆರತಿ'.

"ವೆಂಕಟರಮಣ!" ಎಂದ ಗುಮಾಸ್ತ.

"ಒಂದು," ಎಂದರು ಸಾಹುಕಾರರು.

"ಅಯ್ಯ, ಅದಲ್ರಿ, ತಪ್ಪಾತು. ತಡೀರಿ. ಅರಿಷಿಣ ಕೊಂಬು!"

"ಎರಡು."

ಗುಮಾಸ್ತ ಬೆವರಿದ್ದು ಫೋನಿನಲ್ಲೇ ತಿಳಿಯುತ್ತಿತ್ತು. ಅಂಗಡಿಯ ಮುಂದೆ ಆ ದಿನ ಚಕ್ಕಡಿಗಳು ಸಾಲುಗಟ್ಟಿ ನಿಂತಿದ್ದವಂತೆ. ಖರೀದಿ ಬಂದ್ ಅಂದರೆ ಆ ರೈತರು ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಅವನು ಬಾಯಿ ಮುಚ್ಚಿಕೊಂಡು ನಿಂತ. ಸಾಹುಕಾರರೂ ಬಾಯಿ ಮುಚ್ಚಿಕೊಂಡು ಕೂತರು.

"ನೆನಪೈತ್ರಿ," ಎಂದ ಗುಮಾಸ್ತ ಕೊನೆಗೆ. "ಬಾಯಿಗೆ ಬರವಲ್ದು. ಭಟ್ಟರ ಕೈಯಾಗ ಇರ್ತೈತಲ್ರಿ..."

"ಸನ್ನಿ ಮಾಡಬ್ಯಾಡ. ನೆಟ್ಟಗ ಹೇಳು."

"ಬೆಳಗ್ತಾರಲ್ರಿ, ಮಂಗಳಾರ್ತಿ ಹೊತ್ನ್ಯಾಗ..."

ಆಗ ಲೈನಿನ ನಡುವಿನಿಂದ ಆಪರೇಟರ್ ಬಾಯಿಯ ದನಿ ಬಂತು: "ಬೆಳ್ಳಿ ಆರತಿ ಅನ್ರಿ ಯಪ್ಪಾ! ಇದ ಈಗ ಲಕ್ಷ್ಮೇಶ್ವರದವರು ಹೇಳ್ಯಾರ. ಜಲ್ದಿ ಅನ್ರಿ, ಲೈನ್ ಬಿಡ್ರಿ!"

"ಬೆಳ್ಳಿ ಆರತಿ!" ಎಂದ ಗುಮಾಸ್ತ, ಉಸಿರು ಬಿಟ್ಟು.

ನಾನು ಸಾಹುಕಾರರ ಮುಖ ನೋಡಿದೆ. ಗುಟ್ಟಿನ ಮಾತು ಎಕ್ಸ್‌ಚೇಂಜಿನಲ್ಲಿ ಕೂತ ಹೆಣ್ಣುಮಗಳಿಗೆ ಬಾಯಿಪಾಠವಾಗಿದೆ ಎಂಬುದು ಈಗಲಾದರೂ ಹೊಳೆಯುತ್ತದೆ ಎಂದು ನನ್ನ ಲೆಕ್ಕ.

"ಸರಿ ಐತಿ," ಎಂದರು ಸಾಹುಕಾರರು ನೆಮ್ಮದಿಯಿಂದ. "ಮೂರನೇದ್ದಕ್ಕ ಸರಿ ಹೇಳ್ದ." ಆಮೇಲೆ ನನ್ನ ಕಡೆ ತಿರುಗಿ, "ಆ ಬಾಯಿಗೆ ದೀಪಾವಳಿಗೆ ಒಂದ್ ಡಬ್ಬಿ ಎಣ್ಣಿ ಕಳಸು. ಎಷ್ಟ್ ಕಾಳಜಿ ನೋಡು ನಮ್ಮ ಮಿಲ್ಲಿನ ಮ್ಯಾಲೆ," ಎಂದರು.

೪. ಮುಹೂರ್ತ ಒಂದೇ

ಮುಂಡರಗಿಯ ಕಳುವು ಮಾತ್ರ ನಿಲ್ಲಲಿಲ್ಲ. ಬಾಳೆ ಕಂಬ ಇದ್ದಾಗಲೂ ಎದುರಿನ ಅಂಗಡಿ ನಮ್ಮ ಮೇಲೆ ಕೂಡಿಸಿ ಕೊಟ್ಟಿತು, ವೆಂಕಟರಮಣ ಇದ್ದಾಗಲೂ ಕೊಟ್ಟಿತು. ಸಾಹುಕಾರರ ಹುಬ್ಬುಗಳು ತಿಂಗಳಿಂದ ತಿಂಗಳಿಗೆ ಹತ್ತಿರ ಬರುತ್ತಿದ್ದವು. ಅದರ ನಡುವೆ ಇದೊಂದು ನಡೆಯಿತು.

ಒಂದು ಮಧ್ಯಾಹ್ನ ಲಕ್ಷ್ಮೇಶ್ವರದಿಂದ ಫೋನು ಬಂತು. ಲೈನಿನಲ್ಲಿ ಜೋಳ ಹುರಿದಂಥ ಸದ್ದು. ಸಾಹುಕಾರರು ಎತ್ತಿದ ಕೂಡಲೇ ಆ ಕಡೆಯವನು ತಡವರಿಸದೆ ಮಾತು ಹೇಳಿದ: "ತುಂಬಿದ ಕೊಡ!" ಅದೇ ಆ ತಿಂಗಳ ಮಾತು. ಸಾಹುಕಾರರೂ "ತುಂಬಿದ ಕೊಡ" ಎಂದರು. ಅವರಿಗೆ ಬಹಳ ಸಂತೋಷವಾಯಿತು. ಯಾವ ಗುಮಾಸ್ತನೂ ಇಷ್ಟು ಚೊಕ್ಕವಾಗಿ ಅದುವರೆಗೆ ಹೇಳಿರಲಿಲ್ಲ.

"ಮಾಲು ತಯಾರೈತ್ರಿ. ಲಾರಿ ಸಿಕ್ಕೈತಿ. ಕಳಸ್ಲ್ಯಾ?" ಎಂದ ಆತ.

"ಕೇಳೂದೇನೈತಿ? ಕಳಸು."

"ಎಲ್ಲಿಗ್ರಿ?"

"ಎಲ್ಲಿಗಂದ್ರ? ಬೆಟಗೇರಿ ಮಿಲ್ಲಿಗೆ."

"ಯಾವಾಗ್ಲೂ ಗದಗ ಗೋದಾಮಿಗೆ ಅಲ್ರಿ ಇಳಸೂದು?"

"ಇವತ್ತ ಬೆಟಗೇರಿಗೆ ಕಳಸು. ಮಾತು ಹೇಳೀನಿಲ್ಲ?"

ಮಾತು ಹೇಳಿದ ಮೇಲೆ ಮುಗಿಯಿತು. ಸಂಜೆಗೆ ಒಂದು ಲಾರಿ ಶೇಂಗಾ ಬಂದು ನಮ್ಮ ಅಂಗಳದಲ್ಲಿ ನಿಂತಿತು. ಹಮಾಲರು ಚೀಲ ಇಳಿಸತೊಡಗಿದರು. ಸಾಹುಕಾರರು ಒಂದೆರಡು ಕಾಳು ಬಾಯಿಗೆ ಹಾಕಿಕೊಂಡು, "ಲಕ್ಷ್ಮೇಶ್ವರದಂವ ಸುಧಾರ್ಸ್ಯಾನ," ಎಂದರು.

ಅಷ್ಟರಲ್ಲಿ ಗದಗಿನ ಇನ್ನೊಂದು ಮಿಲ್ಲಿನ ಯಜಮಾನರು ಸೈಕಲ್ ರಿಕ್ಷಾದಿಂದ ಇಳಿದು ಒದರುತ್ತ ಒಳಗೆ ಬಂದರು. ಆ ಶೇಂಗಾ ಅವರದು. ಕಳಿಸಿದವನು ಶಿಗ್ಲಿಯಲ್ಲಿದ್ದ ಅವರ ಗುಮಾಸ್ತ. ಫೋನು ಮಾಡಲು ಲಕ್ಷ್ಮೇಶ್ವರಕ್ಕೆ ಬಂದಿದ್ದ. ಲಕ್ಷ್ಮೇಶ್ವರದಿಂದ ಮಿಲ್ಲಿಗೆ ಅಂದ ಕೂಡಲೇ ಆಪರೇಟರ್ ರೂಢಿಯಂತೆ ನಮಗೆ ಹಚ್ಚಿದ್ದಳು.

"ನಮ್ಮ ಮಾತು ನಿಮಗ ಹೆಂಗ ಗೊತ್ತು?" ಎಂದರು ಅವರು.

"ನಿಮ್ಮ ಮಾತಾ? ಅದು ನಮ್ಮ ಮಾತು!" ಎಂದರು ನಮ್ಮವರು.

ಇಬ್ಬರಿಗೂ ಒಂದೇ ಕ್ಷಣಕ್ಕೆ ಒಬ್ಬರೇ ನೆನಪಾದರು. ಆಮೇಲೆ ಭಟ್ಟರಿಗೆ ಹೇಳಿಕಳಿಸಿದರು.

ಭಟ್ಟರು ಉತ್ತರೀಯ ಸರಿಮಾಡಿಕೊಳ್ಳುತ್ತ ಬಂದರು. ನಮ್ಮದನ್ನು ನೋಡಿ ಬೆಟಗೇರಿ, ಗದಗಿನ ಅಂಗಡಿಯವರೆಲ್ಲ ತಮಗೂ ಒಂದು ಗುಟ್ಟಿನ ಮಾತು ಬೇಕೆಂದು ಕೇಳಿದ್ದರಂತೆ. ಅಮಾವಾಸ್ಯೆ ದಿನ ಭಟ್ಟರು ಬೆಳಗಿನಿಂದ ಅಂಗಡಿಯಿಂದ ಅಂಗಡಿಗೆ ಹೋಗಿ ಪೂಜೆ ಮಾಡಿ, ಕಾಯಿ ಒಡೆದು, ಎಲ್ಲರ ಕಿವಿಯಲ್ಲೂ 'ತುಂಬಿದ ಕೊಡ' ಎಂದು ಹೇಳಿ ಬಂದಿದ್ದರು.

"ಭಟ್ರ, ಎಲ್ಲಾರಿಗೂ ಒಂದ ಮಾತು ಕೊಟ್ರ ಅದು ಗುಟ್ಟು ಹೆಂಗ ಆಗ್ತೈತ್ರಿ?" ಎಂದೆ ನಾನು.

ಭಟ್ಟರಿಗೆ ನನ್ನ ಅಜ್ಞಾನ ಕಂಡು ಮರುಕ ಬಂತು. "ತಿಥಿ ಒಂದ ಅದ, ಮುಹೂರ್ತ ಒಂದ ಅದ," ಎಂದರು. "ಅಂದಮ್ಯಾಲೆ ಶುಭ ಮಾತು ಅಂಗಡಿಗೊಂದು ಎಲ್ಲಿಂದ ತರ್ಲಿ? ನಾ ಒಬ್ಬರಿಗೂ ಇನ್ನೊಬ್ಬರ ಮಾತು ಹೇಳಿಲ್ಲ, ಬೇಕಾದ್ರ ಆಣಿ ಮಾಡ್ತೀನಿ."

ಅದು ನಿಜವೇ. ಅವರು ಒಬ್ಬರಿಗೂ ಇನ್ನೊಬ್ಬರ ಮಾತು ಹೇಳಿರಲಿಲ್ಲ. ಇಬ್ಬರು ಯಜಮಾನರೂ ಒಪ್ಪಿಕೊಂಡು, ಚಹಾ ಕುಡಿದು, ಚೀಲಗಳನ್ನು ಲಾರಿಗೆ ಮತ್ತೆ ಏರಿಸಿದರು. ಇಳಿಸಿದ ಹಮಾಲರೇ ಏರಿಸಿದರು. ಅಂದು ಲಾಭವಾದದ್ದು ಅವರಿಗೆ ಮಾತ್ರ. ಮುಂದಿನ ತಿಂಗಳೂ ಇಂಥ ಮಾತೇ ಇರಲಿ ಎಂದು ಅವರು ಭಟ್ಟರಿಗೆ ನಮಸ್ಕಾರ ಮಾಡಿದರು.

೫. ಯಾರಿಗೂ ಹೇಳಬ್ಯಾಡ

ಅದಾದ ಮೇಲೆ ಮಾತು ಆರಿಸುವ ಕೆಲಸ ಸಾಹುಕಾರರು ತಾವೇ ತೆಗೆದುಕೊಂಡರು. ಊರಿಗೊಂದು ಬೇರೆ ಬೇರೆ ಮಾತು. ಮುಂಡರಗಿಯ ಮಾತು ಅವರಿಗೆ, ನನಗೆ, ಆ ಗುಮಾಸ್ತನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಆದರೂ ಆ ವಾರವೆಲ್ಲ ಎದುರಿನ ಅಂಗಡಿ ನಮ್ಮ ದರಕ್ಕಿಂತ ಚೂರು ಹೆಚ್ಚು ಕೊಟ್ಟೇ ಕೊಟ್ಟಿತು.

"ನೀ ಹೇಳಿಲ್ಲ. ನಾ ಹೇಳಿಲ್ಲ," ಎಂದರು ಸಾಹುಕಾರರು. "ಉಳದಂವ ಯಾರು? ಹೋಗು. ಒಂದ್ ದಿನ ಅವನ ಮಗ್ಗಲ ಕೂತು ನೋಡು. ಬರೂಮುಂದ ಕೀಲಿಕೈ ಇಸಕೊಂಡು ಬಾ."

ಮೊದಲ ಬಸ್ಸಿಗೆ ಮುಂಡರಗಿಯಲ್ಲಿ ಇಳಿದೆ. ಗುಮಾಸ್ತ ಆಗಲೇ ಅಂಗಡಿ ತೆಗೆದು, ಕಸ ಹೊಡೆದು, ಕೀಲಿಕೈ ಗೊಂಚಲನ್ನು ಗಾದಿಯ ಮೇಲೆ ಎದ್ದು ಕಾಣುವಂತೆ ಇಟ್ಟಿದ್ದ. ಒಳಗಿನ ಖೋಲಿಯಲ್ಲಿ ಮಗಳು ಇತಿಹಾಸದ ಪಾಠ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ನನ್ನ ದನಿ ಕೇಳಿದ ಮೇಲೆ ಓದು ನಿಂತಿತು.

"ಯಾಕ ಬಂದೀರಿ ಅಂತ ಗೊತ್ತೈತ್ರಿ," ಎಂದ ಗುಮಾಸ್ತ, ಚಹಾ ಮುಂದೆ ಇಟ್ಟು. "ನಾ ಯಾರಿಗೂ ಫೋನಿನ ಮಾತು ಹೇಳಿಲ್ರಿ. ನಂಬೂದು ಬಿಡೂದು ನಿಮಗ ಬಿಟ್ಟದ್ದು. ಕೆಲಸ ಹೋದ್ರ ಹೋಗ್ಲಿ. ಮಾರ್ಚ್ ತನಕ ಈ ಎರಡು ಖೋಲಿ ಬಿಡಿಸಬ್ಯಾಡ್ರಿ ಅಂತ ಸಾಹುಕಾರ್ರಿಗೆ ಒಂದ್ ಮಾತು ಹೇಳ್ರಿ. ಆಕೀ ಪರೀಕ್ಷಾ ಒಂದ್ ಮುಗೀಲಿ."

ನನಗೆ ಇದು ಪರೀಕ್ಷೆ ಮಾಡಿ ನೋಡುವ ವಿಷಯ ಎನಿಸಿತು. ಈತನೇ ಕಳ್ಳನಾಗಿದ್ದರೆ, ಈತನ ಬಾಯಿ ಕಟ್ಟಿದರೆ ಕಳುವು ನಿಲ್ಲಬೇಕು. ತರ್ಕಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ. ಮುಂಡರಗಿಯಲ್ಲಿ ಅದರಿಂದ ಉಪಯೋಗವಿಲ್ಲ.

"ಒಂದ್ ಕೆಲಸ ಮಾಡು," ಎಂದೆ. "ಇವತ್ತೊಂದಿನ ದರ ಯಾರಿಗೂ ಹೇಳಬ್ಯಾಡ. ನಾ ಇಲ್ಲೇ ಕುಂತಿರ್ತೀನಿ."

"ಯಾರಿಗೂ?"

"ಯಾರಂದ್ರ ಯಾರಿಗೂ."

"ಆತ್ರಿ," ಎಂದ.

ಫೋನು ಬಂತು. ಮಾತು ಹೇಳಿದ್ದಾಯಿತು, ದರ ಬಂದದ್ದಾಯಿತು. ಗುಮಾಸ್ತ ರಿಸೀವರ್ ಇಟ್ಟು ತುಟಿ ಬಿಗಿದು ಕೂತ. ಸ್ವಲ್ಪ ಹೊತ್ತಿಗೆ ನದಿ ಕಡೆಯ ಊರಿನ ರೈತನೊಬ್ಬ ಚಕ್ಕಡಿ ತಂದು ನಿಲ್ಲಿಸಿ ಒಳಗೆ ಬಂದ.

"ಏನ್ರೀ, ಇವತ್ತ ಹೆಂಗ ದರ?"

ಗುಮಾಸ್ತ ನನ್ನ ಮುಖ ನೋಡಿದ. ನಾನು ಬೇಡವೆಂದು ತಲೆಯಾಡಿಸಿದೆ.

"ಹೇಳಾಂಗಿಲ್ರಿ."

"ಯಾಕ?"

"ಗುಟ್ಟೈತಿ."

"ನನ್ನ ಶೇಂಗಾದ ದರ ನನಗ ಗುಟ್ಟು?"

"ಮೊದಲ ಚೀಲ ಇಳಸ್ರಿ."

"ಇಳಿಸಿದ ಮ್ಯಾಲೆ ಹೇಳ್ತೀರಿ?"

"ಇಳಿಸಿದ ಮ್ಯಾಲೂ ಹೇಳಾಂಗಿಲ್ರಿ."

ರೈತ ಆತನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಆಮೇಲೆ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ: "ಇವ್ರಿಗೆ ಯಾವತ್ತಿನಿಂದ ಆರಾಮಿಲ್ರಿ?"

ಎರಡನೆಯವನು ವಯಸ್ಸಾದವನು, ಸ್ವಲ್ಪ ವಾದದ ಮನುಷ್ಯ. "ನೀ ರೊಕ್ಕಾ ಕೊಟ್ಟಮ್ಯಾಲೆ ನಾ ಎಣಿಸೂದಿಲ್ಲೇನು? ಆವಾಗ ಗೊತ್ತಾಗೂದಿಲ್ಲೇನು?" ಎಂದ.

ಗುಮಾಸ್ತ ಯೋಚಿಸಿದ. ಅವನಿಗೆ ಕೆಲಸ ಉಳಿಸಿಕೊಳ್ಳಬೇಕಿತ್ತು. "ಎಣಿಸಬ್ಯಾಡ್ರಿ," ಎಂದ.

"ಎಣಿಸದ?"

"ಮನೀಗೆ ಹೋಗಿ ಎಣಿಸ್ರಿ. ಯಾರಿಗೂ ಹೇಳಬ್ಯಾಡ್ರಿ."

"ನಿನ್ನ..." ಎಂದು ಮುದುಕ ಮುಂದಿನದನ್ನು ನನ್ನನ್ನು ನೋಡಿ ನುಂಗಿಕೊಂಡು, ಎತ್ತಿನ ಹಗ್ಗ ಹಿಡಿದು ಹೊರಟುಹೋದ.

ಹೀಗೆ ನಡೆಯಿತು. ಚಕ್ಕಡಿ ಬರುವುದು, ರೈತ ಕೇಳುವುದು, ಗುಮಾಸ್ತ ಬಾಯಿ ಬಿಗಿಯುವುದು, ಚಕ್ಕಡಿ ಹೋಗುವುದು. ಕೆಲವರು ಮರುಕದಿಂದ ಹೋದರು, ಕೆಲವರು ಬೈದು ಹೋದರು. ಒಬ್ಬ ಹೊಸಿಲಿಗೆ ನಮಸ್ಕಾರ ಮಾಡಿ ಹೋದ.

ಮಧ್ಯಾಹ್ನ ಊಟದ ಹೊತ್ತಿಗೆ ಎದುರಿನ ಅಂಗಡಿಯ ಯಜಮಾನ ರಸ್ತೆ ದಾಟಿ ನಮ್ಮ ಕಡೆ ಬಂದ. ಇಷ್ಟು ವರ್ಷದಲ್ಲಿ ಆತ ನಮ್ಮ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಏನ್ರೀ, ನಿಮ್ಮ ಸಾಹುಕಾರ್ರು ಆರಾಮ ಅದಾರಿಲ್ಲ?"

"ಅದಾರ್ರಿ," ಎಂದೆ.

"ಮನ್ಯಾಗ ಹಿರೇರು ಯಾರೂ ತೀರಿಕೊಂಡಿಲ್ಲಲ್ಲ?"

"ಇಲ್ರಿ. ಯಾಕ್ರಿ?"

ಆತನಿಗೆ ಸಂಕಟ ತಡೆಯಲಾಗಲಿಲ್ಲ. "ಮತ್ತ ನಿಮ್ಮ ದರ ಯಾಕ ಇನ್ನ ಬಂದಿಲ್ರಿ ನಮ್ಮ ಕಡೆ? ಮುಂಜಾನಿಂದ ಕಾಯಾಕತ್ತೀನಿ. ರೈತರು ಬಂದು ಎಷ್ಟ್ ಕೊಡ್ತೀರಿ ಅಂತಾರ. ನಾ ಯಾವುದರ ಮ್ಯಾಲೆ ಕೂಡಿಸಿ ಹೇಳ್ಲಿ? ಹಿಂಗ ಮಾಡಿದ್ರ ನಾನು ಅಂಗಡಿ ನಡಸೂದು ಹೆಂಗ?"

ಗುಮಾಸ್ತ ಗಾದಿಯಿಂದ ಅರ್ಧ ಎದ್ದ. "ದಿನಾ ನಿಮಗ ಯಾರು ತಂದು ಹೇಳ್ತಿದ್ರು? ಅವನ ಹೆಸರು ಹೇಳ್ರಿ. ಇವ್ರ ಮುಂದ ಹೇಳ್ರಿ!"

ಆತ ಗುಮಾಸ್ತನನ್ನು ನೋಡಿದ, ನನ್ನನ್ನು ನೋಡಿದ. ಕಣ್ಣಿನ ಮುಂದಿರುವುದನ್ನು ಕೇಳಿದವರಿಗೆ ಏನು ಹೇಳುವುದು ಎಂಬಂತೆ, ಟೊಪ್ಪಿಗೆ ಹಿಡಿದ ಕೈಯಿಂದ ರಸ್ತೆಯ ಕಡೆ ತೋರಿಸಿದ. ಅಲ್ಲಿ ಚಕ್ಕಡಿಗಳು ನಿಂತಿದ್ದವು.

ಸಂಜೆ ಸಾಹುಕಾರರ ಫೋನು ಬಂತು. ನಾನೇ ಎತ್ತಿ, ಮಾತು ಹೇಳಿ, ಅವರಿಂದ ಹೇಳಿಸಿಕೊಂಡೆ.

"ಇವತ್ತ ದರ ಹೊರಗ ಹೋತೇನು?"

"ಇಲ್ರಿ."

"ಎದುರಿನವಗ ಗೊತ್ತಾತೇನು?"

"ಗೊತ್ತಾಗಿಲ್ರಿ. ತಾನ ಬಂದು ಕೇಳಿದ. ಹೇಳಲಿಲ್ಲ."

"ಭೇಷ್!" ಎಂದರು ಸಾಹುಕಾರರು. ಅಷ್ಟು ತಿಂಗಳಲ್ಲಿ ಅವರು ಅಷ್ಟು ಖುಷಿಯಾದದ್ದನ್ನು ನಾನು ಕೇಳಿರಲಿಲ್ಲ. "ನಾ ಹೇಳಿರಲಿಲ್ಲೇನು? ಗುಟ್ಟು ಕಾಯಾಕ ಬರ್ತೈತಿ, ಮನಸ್ಸಿರಬೇಕಷ್ಟ. ಅಂದಂಗ, ಶೇಂಗಾ ಎಷ್ಟ್ ಚೀಲ ಬಂತು?"

"ಒಂದೂ ಇಲ್ರಿ."

"ಯಾಕ?"

ನಾನು ಕಾರಣ ಹೇಳಿದೆ. ಒಂದೇ ಉಸಿರಿನಲ್ಲಿ ಮುಗಿಯುವಷ್ಟು ಸಣ್ಣ ಕಾರಣ. ಮೂರು ನಿಮಿಷ ಆತ್ರಿ ಎಂದು ಹೇಳಬೇಕಾಗಿದ್ದ ಆಪರೇಟರ್ ಬಾಯಿ ಅದನ್ನು ಹೇಳುವುದನ್ನೇ ಮರೆತಳು. ಕೊನೆಗೆ ಸಾಹುಕಾರರು ಗಂಟಲು ಸರಿಮಾಡಿಕೊಂಡರು.

"ಕೀಲಿಕೈ ಅವನ ಕಡೇನ ಇರ್ಲಿ," ಎಂದರು. "ನೀ ಕಡೀ ಬಸ್ಸಿಗೆ ಬಂದುಬಿಡು. ಈ ಸುದ್ದಿ ಯಾರಿಗೂ ಹೇಳಬ್ಯಾಡ."

ಗುಮಾಸ್ತ ಗೊಂಚಲನ್ನು ಎತ್ತಿ ಉಡಿದಾರಕ್ಕೆ ಸಿಕ್ಕಿಸಿಕೊಂಡ. ಒಳಗಿನ ಖೋಲಿಯಲ್ಲಿ ಇತಿಹಾಸದ ಪಾಠ ನಿಂತಲ್ಲಿಂದ ಮತ್ತೆ ಶುರುವಾಯಿತು. ಮಾರ್ಚಿನಲ್ಲಿ ಆ ಹುಡುಗಿ ಅಲ್ಲಿಂದಲೇ ಪರೀಕ್ಷೆಗೆ ಹೋದಳು, ಪಾಸಾದಳು. ಮುಂದಿನ ಅಮಾವಾಸ್ಯೆಗೆ ಭಟ್ಟರು ಪೂಜೆ ಮಾಡಿ ಕಾಯಿ ಒಡೆದರು. ಯಾರೂ ಅವರನ್ನು ಮಾತು ಕೇಳಲಿಲ್ಲ, ಸಾಹುಕಾರರೂ ತಾವಾಗಿ ಹೊಸದು ಆರಿಸಲಿಲ್ಲ.

ನಾನು ಫೋನಿನಲ್ಲಿ ಹೇಳಿದ್ದು ಇಷ್ಟು: ನಮ್ಮ ದರವನ್ನು ಎದುರಿನ ಅಂಗಡಿಗೆ ಒಯ್ಯುತ್ತಿದ್ದವರು ಶೇಂಗಾ ಮಾರಲು ಬಂದ ರೈತರು, ಅವರಿಗೆ ಅದನ್ನು ದಿನಾ ಬೆಳಿಗ್ಗೆ ಗಟ್ಟಿಯಾಗಿ ಹೇಳುತ್ತಿದ್ದವರು ನಾವು.